ಸಿಮ್ ಉಸಿರಾಡಲಿ, ಸ್ಮಾರ್ಟ್‌ಫೋನ್ ಆಮೇಲೆ ನೋಡೋಣ

ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಸುಮಾರು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಮೊಬೈಲ್ ಕಂಪನಿಗಳ ಪಂಚಾಂಗದಲ್ಲಿ ಪ್ರತಿ ವರ್ಷವೂ ಬರುತ್ತದೆ. 28 ದಿನಕ್ಕೊಂದು ರೀಚಾರ್ಜ್ ಎಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು. 2024ರ ಜುಲೈನಲ್ಲಿ ದರ ಏರಿದಾಗ ಜಿಯೊದ 155 ರೂಪಾಯಿಯ ಪ್ಯಾಕ್ 189 ಆಯಿತು. ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾದ 179 ರೂಪಾಯಿಯ ಪ್ಯಾಕ್ 199 ಆಯಿತು. 189ನ್ನು ಹದಿಮೂರರಿಂದ ಗುಣಿಸಿದರೆ 2,457 ರೂಪಾಯಿ. ಗಂಡ ಸೂರತ್‌ನಲ್ಲಿ, ಹೆಂಡತಿ ಊರಲ್ಲಿ ಇರುವ ಮನೆಗೆ ಎರಡು ನಂಬರ್ ಬೇಕು, ಅಂದರೆ 4,914. ಗೃಹಲಕ್ಷ್ಮಿಯ ಎರಡು ಕಂತು ಸೇರಿಸಿದರೂ ಇದಕ್ಕೆ ಸಾಲದು.

ನಮ್ಮಂಥ ಸಂಬಳದಾರರಿಗೆ ಇದು ಗಮನಕ್ಕೇ ಬಾರದ ಖರ್ಚು. ನಾನಿರುವುದು ಅಹಮದಾಬಾದ್‌ನಲ್ಲಿ, ಕೆಲಸದ ಮೇಲೆ ವಡೋದರಾ, ಸೂರತ್‌ಗೆ ಹೋಗಿಬರುತ್ತಿರುತ್ತೇನೆ. ನರೋಲ್‌ನ ಬಟ್ಟೆ ಕಾರ್ಖಾನೆಗಳಲ್ಲಿ, ಮಕರಪುರದ ಶೆಡ್‌ಗಳಲ್ಲಿ, ಪಾಂಡೇಸರದ ಮಗ್ಗಗಳಲ್ಲಿ ದುಡಿಯುವವರು ಬಹುತೇಕ ಬೇರೆ ರಾಜ್ಯದವರು. ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ನಮ್ಮ ಕರಾವಳಿಯ ಹುಡುಗರೂ ಸಿಗುತ್ತಾರೆ. ಇವರಲ್ಲಿ ಅನೇಕರ ಬಳಿ ಎರಡು ಸಿಮ್ ಇರುತ್ತದೆ: ಊರಿನದೊಂದು, ಇಲ್ಲಿ ಕೊಂಡದ್ದೊಂದು. ಎರಡಕ್ಕೂ ರೀಚಾರ್ಜ್ ಮಾಡಲು ಆಗದು. ಸೊರಗುವುದು ಊರಿನ ಸಿಮ್. ಆದರೆ ಬ್ಯಾಂಕ್ ಖಾತೆ, ಆಧಾರ್, ಪಡಿತರ ಚೀಟಿ ಎಲ್ಲವೂ ಜೋಡಣೆಯಾಗಿರುವುದು ಅದಕ್ಕೇ.

ಸಾಫ್ಟ್‌ವೇರ್‌ನವನಾಗಿ ನನಗೆ ಇದರ ಗಂಭೀರತೆ ಚೆನ್ನಾಗಿ ಗೊತ್ತು. ಹತ್ತು ಅಂಕಿಗಳ ಆ ನಂಬರ್ ಈಗ ಮಾತಾಡುವ ಸಾಧನವಾಗಿ ಮಾತ್ರ ಉಳಿದಿಲ್ಲ, ಮನುಷ್ಯನ ಗುರುತಿನ ಬೀಗದ ಕೈಯಾಗಿದೆ. ಒಟಿಪಿ ಬರದಿದ್ದರೆ ಖಾತೆಯಲ್ಲಿ ಹಣವಿದ್ದೂ ಇಲ್ಲದಂತೆ. ಟ್ರಾಯ್ ನಿಯಮದ ಪ್ರಕಾರ 90 ದಿನ ಬಳಸದೆ, ಖಾತೆಯಲ್ಲಿ 20 ರೂಪಾಯಿಗಿಂತ ಕಡಿಮೆ ಉಳಿದಿದ್ದರೆ ಪ್ರೀಪೇಯ್ಡ್ ನಂಬರನ್ನು ಕಡಿತಗೊಳಿಸಬಹುದು. ಕಡಿತವಾದ ನಂಬರನ್ನು ಕನಿಷ್ಠ 90 ದಿನ ಯಾರಿಗೂ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಆಗ ಒಬ್ಬರ ಬ್ಯಾಂಕಿನ ಒಟಿಪಿ ಇನ್ನೊಬ್ಬರ ಜೇಬಿನಲ್ಲಿ ಸದ್ದು ಮಾಡುತ್ತದೆ. ನಂಬರ್ ಕಡಿತವಾಗದಿದ್ದರೂ, ಪ್ಯಾಕ್ ಮುಗಿದ ಕೆಲವು ದಿನಗಳಲ್ಲಿ ಒಳಬರುವ ಕರೆ, ಸಂದೇಶಗಳು ನಿಲ್ಲುತ್ತವೆ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಹತ್ತು ರೂಪಾಯಿ ಹಾಕಿಸಿ, ತಿಂಗಳುಗಟ್ಟಲೆ ಮಿಸ್ಡ್ ಕಾಲ್‌ನಲ್ಲೇ ಸಂಸಾರ ನಡೆಸಿದವರು ನಮ್ಮ ಮನೆಗಳಲ್ಲೂ ಇದ್ದಾರೆ. ಆಗ ನಿಮಗೆ ಕರೆ ಬಂದರೂ ನಿಮ್ಮ ಕಂಪನಿಗೆ ಆದಾಯವಿತ್ತು. ಕರೆ ಮಾಡಿದವರ ಕಂಪನಿ ನಿಮಿಷಕ್ಕೆ ಇಷ್ಟು ಎಂದು ಕೊಡಬೇಕಿತ್ತು. ಈ ಸಂಪರ್ಕ ಶುಲ್ಕ 2017ರ ಅಕ್ಟೋಬರ್‌ನಲ್ಲಿ 14 ಪೈಸೆಯಿಂದ 6 ಪೈಸೆಗೆ ಇಳಿಯಿತು, 2021ರ ಜನವರಿ 1ರಿಂದ ಸೊನ್ನೆಯಾಯಿತು. ಬರೀ ಕರೆ ಸ್ವೀಕರಿಸುವ ಬಡ ಗ್ರಾಹಕ ಕಂಪನಿಗೆ ಹೊರೆಯಾದ. 2018ರ ಕೊನೆಗೇ ಕನಿಷ್ಠ ರೀಚಾರ್ಜ್ ಪದ್ಧತಿ ಬಂದಿತ್ತು. ಶುಲ್ಕ ಸೊನ್ನೆಯಾದ ಮೇಲೆ ಅದು ಗಟ್ಟಿಯಾಗಿ ನಿಂತಿತು. ಇಲ್ಲಿ ಯಾರದೂ ದುರುದ್ದೇಶ ಇರಬೇಕಿಲ್ಲ, ಲೆಕ್ಕವೇ ಹಾಗಿದೆ.

ಸರ್ಕಾರಗಳಿಗೆ ಇದು ಕಂಡಿಲ್ಲವೆಂದಲ್ಲ. ಆದರೆ ಅವು ಕೊಟ್ಟದ್ದು ಹೆಚ್ಚಾಗಿ ಫೋನು. 2018ರಲ್ಲಿ ಛತ್ತೀಸಗಢ, 2023ರ ಆಗಸ್ಟ್‌ನಲ್ಲಿ ರಾಜಸ್ಥಾನ ಮಹಿಳೆಯರಿಗೆ ಸ್ಮಾರ್ಟ್‌ಫೋನ್ ಹಂಚತೊಡಗಿದವು. ಎರಡೂ ಕಡೆ ವರ್ಷಾಂತ್ಯದ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, ಹಂಚಿಕೆ ನಿಂತಿತು. ಉಚಿತ ಯೋಜನೆಗಳ ಬಗ್ಗೆ ಮೂಗು ಮುರಿಯುವ ಗುಜರಾತ್ ಕೂಡ 2022ರಲ್ಲಿ ರೈತರಿಗೆ ಸ್ಮಾರ್ಟ್‌ಫೋನ್ ಬೆಲೆಯ ಶೇ 40ರಷ್ಟು, ಗರಿಷ್ಠ 6,000 ರೂಪಾಯಿ, ಸಹಾಯಧನ ಕೊಡಲು ಮುಂದಾಯಿತು. ನಮ್ಮ ಕರ್ನಾಟಕದ ಗ್ಯಾರಂಟಿಗಳಲ್ಲಿ ಬಸ್ಸು, ಕರೆಂಟು, ಅಕ್ಕಿ, ಹಣ ಇವೆ, ರೀಚಾರ್ಜ್ ಇಲ್ಲ. ಫೋನ್ ಕೊಡುವಾಗ ಫೋಟೊ ತೆಗೆಸಿಕೊಳ್ಳಬಹುದು, ರೀಚಾರ್ಜ್‌ಗೆ ಯಾವ ಸಮಾರಂಭ ಮಾಡುವುದು?

ಅಮೆರಿಕದಲ್ಲಿ 1985ರಲ್ಲಿ, ರೇಗನ್ ಕಾಲದಲ್ಲಿ, ಲೈಫ್‌ಲೈನ್ ಎಂಬ ಯೋಜನೆ ಬಂತು. ಮೊದಲು ಸ್ಥಿರ ದೂರವಾಣಿಗೆ, ಆಮೇಲೆ ಮೊಬೈಲ್‌ಗೂ ವಿಸ್ತರಿಸಿತು. ಬಡ ಕುಟುಂಬವೊಂದಕ್ಕೆ ತಿಂಗಳಿಗೆ 9.25 ಡಾಲರ್‌ವರೆಗೆ ರಿಯಾಯಿತಿ. ದೂರಸಂಪರ್ಕ ಕಂಪನಿಗಳ ವಂತಿಗೆಯಿಂದ ಕಟ್ಟಿದ ನಿಧಿಯಿಂದ ಹಣ ಬರುತ್ತದೆ. ಅಲ್ಲೂ ಒಂದೇ ಮನೆಗೆ ಎರಡೆರಡು ಸಂಪರ್ಕ ಪಡೆದ ಅಕ್ರಮಗಳು ನಡೆದವು. 2012ರಲ್ಲಿ ನಿಯಮ ಬಿಗಿಮಾಡಿ, ಫಲಾನುಭವಿಗಳ ರಾಷ್ಟ್ರೀಯ ದತ್ತಾಂಶ ಕಟ್ಟಿದರು. ಎಷ್ಟೋ ಸರ್ಕಾರಗಳು ಬದಲಾದವು, ಯೋಜನೆ ಉಳಿಯಿತು.

ಅಂಥದೇ ನಿಧಿ ನಮ್ಮಲ್ಲೂ ಇದೆ. ಕಂಪನಿಗಳ ಹೊಂದಾಣಿಕೆಯ ಒಟ್ಟು ಆದಾಯದ ಶೇ 5ರಷ್ಟು ಅದಕ್ಕೆ ಮೀಸಲು. ಹಿಂದೆ ಯುಎಸ್‌ಒ ನಿಧಿ ಎಂದಿದ್ದದ್ದು 2023ರ ದೂರಸಂಪರ್ಕ ಕಾಯ್ದೆಯಿಂದ ಡಿಜಿಟಲ್ ಭಾರತ್ ನಿಧಿ ಆಯಿತು. ಈವರೆಗೆ ಇದರ ಹಣ ಮುಖ್ಯವಾಗಿ ಹೋದದ್ದು ಗೋಪುರಗಳಿಗೆ, ಗ್ರಾಮ ಪಂಚಾಯಿತಿಗೆ ಕೇಬಲ್ ಎಳೆಯುವುದಕ್ಕೆ. 4ಜಿ ಇಲ್ಲದ 24,680 ಹಳ್ಳಿಗಳಿಗೆ 2022ರಲ್ಲಿ ಮಂಜೂರಾದದ್ದೇ 26,316 ಕೋಟಿ ರೂಪಾಯಿ. ಅದು ಬೇಕಾದದ್ದೇ. ಆದರೆ ಪಾಂಡೇಸರದಲ್ಲಿ ಗೋಪುರಕ್ಕೆ ಕೊರತೆಯಿಲ್ಲ, ಕೊರತೆ ಇರುವುದು ಜೇಬಿನಲ್ಲಿ. 2024ರ ಆಗಸ್ಟ್ 30ರ ಹೊಸ ನಿಯಮಗಳು ಮಹಿಳೆಯರು, ಅಂಗವಿಕಲರು, ಆರ್ಥಿಕವಾಗಿ ಹಾಗೂ ಸಾಮಾಜಿಕವಾಗಿ ದುರ್ಬಲರಾದವರನ್ನು ಹೆಸರಿಸಿಯೇ ಹೇಳಿವೆ. ಕಾಯ್ದೆಯಲ್ಲಿ ನಗರ ಪ್ರದೇಶಗಳ ಮಾತೂ ಇದೆ. ಅಂದರೆ ಬಾಗಿಲು ತೆರೆದಿದೆ, ಒಳಗೆ ಯಾರೂ ಕಾಲಿಟ್ಟಿಲ್ಲ.

ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್ ಕಡ್ಡಾಯ ಮಾಡಿತು. ಮುಂದಿನ ತಿಂಗಳು ಬಂದವುಗಳಲ್ಲಿ ಜಿಯೊದ್ದು 84 ದಿನಕ್ಕೆ 448 ರೂಪಾಯಿ, ಏರ್‌ಟೆಲ್‌ನದು 469. ಒಳ್ಳೆಯ ಹೆಜ್ಜೆಯೇ. ಆದರೆ ದಿನಗೂಲಿಯವನಿಗೆ ಒಂದೇ ಸಲ 448 ತೆಗೆಯುವುದೇ ಕಷ್ಟ.

ನನ್ನ ಸಲಹೆ ಚಿಕ್ಕದು. ಕಡುಬಡವರ ಪಡಿತರ ಚೀಟಿ ಅಥವಾ ಇ-ಶ್ರಮ್ ಕಾರ್ಡ್ ಇರುವ ಪ್ರತಿಯೊಬ್ಬರಿಗೆ ಒಂದು ನಂಬರ್ ಜೀವಂತವಾಗಿರಲಿ: ಒಳಬರುವ ಕರೆ, ಒಟಿಪಿ, ತುರ್ತು ಕರೆ, ಅಷ್ಟೇ. ತಿಂಗಳಿಗೆ 20 ರೂಪಾಯಿಯಂತೆ ಕಂಪನಿಗೆ ನಿಧಿಯಿಂದ ಕೊಟ್ಟರೆ ಒಬ್ಬರಿಗೆ ವರ್ಷಕ್ಕೆ 240. ಐದು ಕೋಟಿ ಜನರಿಗೆ 1,200 ಕೋಟಿ. ಒಟಿಪಿ ಕಳಿಸುವ ಬ್ಯಾಂಕುಗಳು ಹೇಗೂ ಕಂಪನಿಗಳಿಗೆ ಹಣ ಕೊಡುತ್ತವೆ. ಉಚಿತ ಸಿಮ್ ಸೈಬರ್ ವಂಚಕರ ಕೈಸೇರೀತು ಎಂಬ ಆತಂಕ ನ್ಯಾಯವಾದದ್ದೇ. ಆದರೆ ಇಲ್ಲಿ ಹೊಸ ಸಿಮ್ ಕೊಡುವುದಿಲ್ಲ. ಆಧಾರ್‌ಗೆ ಈಗಾಗಲೇ ಜೋಡಿಸಿದ ಹಳೆಯ ನಂಬರನ್ನೇ ಉಳಿಸುತ್ತೇವೆ. ಹೊರಹೋಗುವ ಕರೆಯಾಗಲಿ ಡೇಟಾವಾಗಲಿ ಇಲ್ಲದ ಸಿಮ್ ವಂಚಕನಿಗೆ ಅಷ್ಟೇನೂ ಉಪಯೋಗಕ್ಕೆ ಬಾರದು.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೌಲಭ್ಯ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಪ್ರಕರಣ ಅಂಗವಿಕಲರ ಇ-ಕೆವೈಸಿಗೆ ಸಂಬಂಧಿಸಿದ್ದು. ಆದರೆ ರೀಚಾರ್ಜ್ ಇಲ್ಲದೆ ಬೀಗ ಬಿದ್ದವರಿಗೂ ಆ ತರ್ಕ ಅನ್ವಯಿಸಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದೂ ಇದೆ. ನಿಮ್ಮ ಕಚೇರಿಯ ಕಾವಲುಗಾರರಿಗೆ, ಮನೆಗೆಲಸದವರಿಗೆ, ಹೋಟೆಲಿನ ಹುಡುಗರಿಗೆ ಒಂದು ಮಾತು ಕೇಳಿ: ಬ್ಯಾಂಕಿನಲ್ಲಿರುವ ನಂಬರ್ ಇನ್ನೂ ನಡೆಯುತ್ತಿದೆಯಾ? ಊರಿನ ಸಿಮ್ ಬಿಡುವುದಾದರೆ ಮೊದಲು ಬ್ಯಾಂಕ್, ಆಧಾರ್‌ನಲ್ಲಿ ಹೊಸ ನಂಬರ್ ಹಾಕಿಸಲಿ. ಹಳೆಯದನ್ನೇ ಉಳಿಸಿಕೊಳ್ಳಬೇಕೆಂದರೆ, 2015ರ ಜುಲೈನಿಂದ ರಾಜ್ಯ ಬದಲಾದರೂ ನಂಬರ್ ಬದಲಿಸದೆ ಪೋರ್ಟ್ ಮಾಡಬಹುದು. ಇನ್ನು ಟ್ರಾಯ್ ದರಗಳ ಬಗ್ಗೆ ಸಾರ್ವಜನಿಕ ಅಭಿಪ್ರಾಯ ಕೇಳಿದಾಗಲೆಲ್ಲ ಉತ್ತರಿಸುವವರು ಬಹುಮಟ್ಟಿಗೆ ಕಂಪನಿಗಳೇ. ಗುಜರಾತಿನ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ಒಂದು ಪುಟದ ಮನವಿಯನ್ನೂ ಕಳಿಸಬಹುದಲ್ಲವೇ?