ಸರ್ವಿಸ್ ಆಗಿದೆ ಸರಿ, ಲೈಸೆನ್ಸ್ ಎಲ್ಲಿದೆ?

ಕೂಡ್ಲಿಗಿಯಲ್ಲೋ ಕೊಟ್ಟೂರಲ್ಲೋ ನಾಲ್ಕು ಮಹಡಿಯ ಲಾಡ್ಜ್, ನರ್ಸಿಂಗ್ ಹೋಮ್ ಕಟ್ಟಿಸೋರಿಗೆ ಲಿಫ್ಟ್ ಬೇಕೇ ಬೇಕು. ನಮ್ಮ ಕಾನಹೊಸಹಳ್ಳಿಗೂ ಆ ಕಾಲ ದೂರ ಇಲ್ಲ. ಅಂಥ ಕಡೆ ಮಾಲೀಕರನ್ನ ‘ಲಿಫ್ಟಿಗೆ ಲೈಸೆನ್ಸ್ ಇದೆಯೇನ್ರೀ?’ ಅಂತ ಕೇಳಿ. ‘ಕಂಪನಿಯೋರು ಬಂದು ಸರ್ವಿಸ್ ಮಾಡ್ತಾರಲ್ಲ’ ಅಂದ್ರೆ, ಅದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿ ಕೋಡ್ ಬರೆದವರೇ ಅದಕ್ಕೆ ಒಪ್ಪಿಗೆ ಕೊಟ್ಕೊಳ್ಳೋ ಹಾಗಿಲ್ಲ, ಇನ್ನೊಬ್ಬರು ನೋಡಬೇಕು. ಲಿಫ್ಟಿನ ವಿಷಯದಲ್ಲಿ ಆ ಇನ್ನೊಬ್ಬರು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದೋರು. ಕರ್ನಾಟಕದಲ್ಲಿ ಲಿಫ್ಟಿಗೆ 1974ರಲ್ಲೇ ಕಾಯ್ದೆ ಬಂತು. 2012ರಲ್ಲಿ ಎಸ್ಕಲೇಟರ್‌ಗಳನ್ನೂ ಸೇರಿಸಿ ಹೊಸ ಕಾಯ್ದೆ ಮಾಡಿದ್ರು. ಅದರ ಪ್ರಕಾರ ಲಿಫ್ಟ್ ಕೂರಿಸೋಕೆ ಮೊದಲು ಅನುಮತಿ ಬೇಕು. ಕೂರಿಸಿದ ಮೇಲೆ ತಪಾಸಣೆ ಆಗಿ ಲೈಸೆನ್ಸ್ ಸಿಕ್ಕಮೇಲೇ ಓಡಿಸಬೇಕು. ಆಮೇಲೂ ಕಾಲಕಾಲಕ್ಕೆ ತಪಾಸಣೆ ಇರುತ್ತೆ. ಅವಘಡ ಆದ್ರೆ ಇಲಾಖೆಗೆ ತಿಳಿಸೋ ಹೊಣೆಯೂ ಮಾಲೀಕರದ್ದೇ. ಜೆಸ್ಕಾಂ ಮೀಟರ್ ಕೊಟ್ಟ ಮಾತ್ರಕ್ಕೆ ಇದ್ಯಾವುದೂ ಆದ ಹಾಗಲ್ಲ.

‘ಹಗ್ಗ ಹರಿದು ಬಿದ್ರೆ?’ ಅನ್ನೋದೇ ಎಲ್ಲರ ಭಯ. ಸಾಮಾನ್ಯವಾಗಿ ಲಿಫ್ಟನ್ನ ಎಳೆಯೋ ಉಕ್ಕಿನ ಹಗ್ಗ ಒಂದೇ ಇರಲ್ಲ. ವೇಗ ಮಿತಿ ಮೀರಿದ್ರೆ ಗವರ್ನರ್ ಅನ್ನೋ ಸಾಧನ ಸುರಕ್ಷತಾ ಬ್ರೇಕ್ ಹಾಕಿ, ಕ್ಯಾಬಿನ್ನನ್ನ ಹಳಿಗೇ ಕಚ್ಚಿ ನಿಲ್ಲಿಸುತ್ತೆ. ನಾವು ಹೆಚ್ಚು ಗಮನ ಕೊಡಬೇಕಾದ್ದು ಬಾಗಿಲಿಗೆ. ಕ್ಯಾಬಿನ್ ಬರದೇ ಹೊರಬಾಗಿಲು ತೆರೆದುಕೊಂಡ್ರೆ ಮುಂದೆ ಇರೋದು ಬರೀ ಗುಂಡಿ. ಅದನ್ನ ತಡೆಯೋದು ಬಾಗಿಲಿನ ಲಾಕ್. ಅದು ಸವೆದಿದ್ರೂ ಎಷ್ಟೋ ಸಲ ಲಿಫ್ಟ್ ಮಾಮೂಲಿನಂತೆ ಓಡ್ತಾ ಇರುತ್ತೆ. ಆದ್ದರಿಂದಲೇ ‘ಚೆನ್ನಾಗೇ ಓಡ್ತಿದೆ’ ಅನ್ನೋ ಮಾತು ಸಾಲದು, ಗೊತ್ತಿದ್ದೋರು ಬಿಚ್ಚಿ ನೋಡಬೇಕು.

ಬಾಡಿಗೆಗೆ ಮನೆ ನೋಡುವಾಗ ನೀರು, ಪಾರ್ಕಿಂಗ್ ಜೊತೆ ಇದನ್ನೂ ಕೇಳಿ: ಲೈಸೆನ್ಸ್ ಪ್ರತಿ ಎಲ್ಲಿದೆ, ಕೊನೇ ತಪಾಸಣೆ ಯಾವಾಗ ಆಯ್ತು, ಒಳಗಿನ ಅಲಾರಂ ಬಟನ್ ಒತ್ತಿದ್ರೆ ಯಾರಿಗಾದ್ರೂ ಕೇಳಿಸುತ್ತಾ, ಕರೆಂಟ್ ಹೋದ್ರೆ ಹತ್ತಿರದ ಮಹಡಿಗೆ ತಂದು ನಿಲ್ಲಿಸೋ ಬ್ಯಾಟರಿ ವ್ಯವಸ್ಥೆ ಇದೆಯಾ. ಸಿಕ್ಕಿಹಾಕಿಕೊಂಡ್ರೆ ಅಲಾರಂ ಒತ್ತಿ ಒಳಗೇ ಇರಿ. ಬಾಗಿಲು ಮೀಟಿ, ಎರಡು ಮಹಡಿ ನಡುವಿನ ಸಂದಿಯಿಂದ ಹೊರಗೆ ಜಿಗಿಯೋ ಸಾಹಸ ಮಾತ್ರ ಬೇಡ.

ಊರಲ್ಲಿ ನಿಮ್ಮ ಚಿಕ್ಕಪ್ಪನೋ ಮಾವನೋ ಬಿಲ್ಡಿಂಗ್ ಕಟ್ಟಿಸ್ತಿದ್ರೆ ಇದನ್ನ ಈಗಲೇ ಫಾರ್ವರ್ಡ್ ಮಾಡಿ. ಲಿಫ್ಟಿಗೆ ಅಡ್ವಾನ್ಸ್ ಕೊಟ್ಟ ಮೇಲೆ ಹೇಳಿದ್ರೆ ಬೈಸ್ಕೊಳ್ಳೋದು ನೀವೇ!