ಹಳೆಯ ಡ್ರಮ್ಮಿನ ಅಸಲು

2015ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಹರಾಜು ನಡೆಯಿತು. ಕೂಗಿಗೆ ಬಂದ ವಸ್ತು ದೊಡ್ಡ ಡ್ರಮ್ಮಿನ ಮುಂಬದಿಗೆ ಬಿಗಿಯುವ ಒಂದು ದುಂಡು ಹಾಳೆ. ಬಾರಿಸುವುದಕ್ಕೂ ಬಾರದ, ಬರಿಯ ಶೋಭೆಗಾಗಿ ಇರುವ ಈ ಹಾಳೆ 20 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಹೋಯಿತು. ಮರು ತಿಂಗಳು ಅದೇ ವಾದಕನ ಇಡೀ ಡ್ರಂ ಸೆಟ್ಟೊಂದು ಹರಾಜಿಗೆ ಬಂದಿತು. ಅದಕ್ಕೆ ದೊರೆತ ಬೆಲೆಯೂ ಹೆಚ್ಚು ಕಡಮೆ ಅಷ್ಟೆ! ಎರಡನ್ನೂ ಕೊಂಡವರು ಅಮೆರಿಕದ ಫುಟ್‌ಬಾಲ್ ತಂಡವೊಂದರ ಒಡೆಯರಾಗಿದ್ದ ಜಿಮ್ ಅರ್ಸೇ. ವಾದಕರು ಬೀಟಲ್ಸ್ ತಂಡದ ರಿಂಗೋ ಸ್ಟಾರ್.

ಆ ಹಾಳೆ 1964ರ ಫೆಬ್ರುವರಿ 9ರ ರಾತ್ರಿ ಎಡ್ ಸಲಿವನ್ನರ ದೂರದರ್ಶನ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತ್ತು. ಅಂದು ಅದನ್ನು ನೋಡಿದವರ ಸಂಖ್ಯೆ ಸುಮಾರು 7 ಕೋಟಿ 30 ಲಕ್ಷ. ಹಾಳೆಯ ನಡುವೆ ತಂಡದ ಹೆಸರಿತ್ತು. ಅದರ ಮೇಲ್ಗಡೆ ಡ್ರಮ್ಮನ್ನು ತಯಾರಿಸಿದ ಲುಡ್ವಿಗ್ ಕಂಪನಿಯ ಹೆಸರಿತ್ತು. ತಂಡದ ಹೆಸರಿನ ಆ ಅಕ್ಷರವಿನ್ಯಾಸವನ್ನು 1963ರಲ್ಲಿ ಲಂಡನ್ನಿನ ಡ್ರಂ ಅಂಗಡಿಯೊಂದರ ಮಾಲಿಕ ಐವರ್ ಆರ್ಬಿಟರ್ ಚೀಟಿಯ ಮೇಲೆ ಗೀಚಿಕೊಟ್ಟಿದ್ದರು. ಅದಕ್ಕೆ ಅಂಗಡಿಗೆ ಸಂದ ಹಣ 5 ಪೌಂಡು. ದೂರದರ್ಶನದಲ್ಲಿ ಕಂಡದ್ದೇ ತಡ, ಅಮೆರಿಕದ ಹುಡುಗರಿಗೆಲ್ಲ ಲುಡ್ವಿಗ್ ಡ್ರಮ್ಮೇ ಬೇಕೆಂದು ಹಟ ಹುಟ್ಟಿತು. ಶಿಕಾಗೋ ನಗರದ ಕಾರ್ಖಾನೆ ಹಗಲಿರುಳು ದುಡಿದರೂ ಬೇಡಿಕೆಯನ್ನು ಪೂರೈಸಲಾರದಾಯಿತು.

ಆ ಹುಡುಗರಿಗೆ ಈಗ ಎಪ್ಪತ್ತು ದಾಟಿದೆ. ಕೆಲವರು ಕಾಲವಾಗಿದ್ದಾರೆ. ಮನೆಯ ನೆಲಮಾಳಿಗೆಯಲ್ಲಿ ಧೂಳು ಹಿಡಿದು ಕುಳಿತಿದ್ದ ಡ್ರಮ್ಮುಗಳು ಈಗ ಮಕ್ಕಳ ಕೈಗೆ ಬಂದು ಪೇಟೆಗೆ ಇಳಿಯುತ್ತಿವೆ. ಮಾರುವವನಿಗೆ ತನ್ನ ಕೈಯಲ್ಲಿರುವುದೇನೆಂದು ತಿಳಿಯದು. ಕೊಳ್ಳುವವನಿಗೆ ಕೆಲವೊಮ್ಮೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ತಿಳಿದಿರುತ್ತದೆ. ಈ ಇಬ್ಬರ ನಡುವೆ ಬರುವ ಪ್ರಶ್ನೆ ಒಂದೇ: ಇದು ಅಸಲೇ?

ಡ್ರಮ್ಮಿನ ಮೈಮೇಲೆ ಕಂಪನಿಯ ಹೆಸರಿನ ಬಿಲ್ಲೆಯಿದೆಯಲ್ಲ, ಅದನ್ನು ಓದಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ಲುಡ್ವಿಗ್ ಎಂಬ ಹೆಸರಿನ ಕಥೆಯನ್ನೇ ನೋಡಿ. ವಿಲಿಯಂ ಲುಡ್ವಿಗ್ ತಮ್ಮ ಸಹೋದರನೊಡನೆ 1909ರಲ್ಲಿ ಕಂಪನಿಯನ್ನು ಆರಂಭಿಸಿದರು. ಇಪ್ಪತ್ತು ವರ್ಷಗಳ ಬಳಿಕ ಅದು ಕಾನ್ ಎಂಬ ದೊಡ್ಡ ಕಂಪನಿಯ ಪಾಲಾಯಿತು. ಅದರೊಂದಿಗೆ ಹೆಸರೂ ಹೋಯಿತು. ವಿಲಿಯಂ ಹೊರಬಂದು 1937ರಲ್ಲಿ ಹೊಸ ಕಾರ್ಖಾನೆ ತೆರೆದಾಗ ಸ್ವಂತ ಹೆಸರನ್ನು ಇಡುವಂತಿರಲಿಲ್ಲ, ಡಬ್ಲ್ಯು. ಎಫ್. ಎಲ್. ಎಂಬ ಮೂರು ಅಕ್ಷರಗಳಿಂದಲೇ ತೃಪ್ತರಾದರು. ತಮ್ಮ ಹೆಸರನ್ನು ತಾವೇ ಹಣ ಕೊಟ್ಟು ಮರಳಿ ಕೊಂಡದ್ದು 1955ರಲ್ಲಿ. ಹೀಗಾಗಿ 1940ರ ಸುಮಾರಿನಲ್ಲಿ ಲುಡ್ವಿಗ್ ಎಂಬ ಹೆಸರು ಹೊತ್ತ ಡ್ರಮ್ಮಿಗೆ ಲುಡ್ವಿಗ್ಗರ ಕೈ ಸೋಕಿರಲಿಲ್ಲ. ಅವರ ಕಾರ್ಖಾನೆಯ ಡ್ರಮ್ಮಿನ ಮೇಲೆ ಆ ಹೆಸರಿರಲಿಲ್ಲ.

ಬಿಲ್ಲೆಯ ಮೇಲಿನ ಅಂಕೆಯಾದರೂ ನಂಬಿಗಸ್ತ ಸಾಕ್ಷಿಯೇ? ಅದೂ ಅರ್ಧ ಸಾಕ್ಷಿಯೇ. ಲುಡ್ವಿಗ್ ಕಾರ್ಖಾನೆಯಲ್ಲಿ ಬಿಲ್ಲೆಗೆ ಅಂಕೆ ಹಾಕುವ ಪದ್ಧತಿ ಬಂದದ್ದು 1963ರ ಕೊನೆಗೆ. ಬಂದ ಮೇಲೂ ಕೆಲಸಗಾರರು ಕೈಗೆ ಸಿಕ್ಕಿದ ಬಿಲ್ಲೆಯನ್ನು ಎತ್ತಿ ಬಡಿಯುತ್ತಿದ್ದರು; ಅಂಕೆಗಳ ಅನುಕ್ರಮವನ್ನು ಕೇಳುವವರಿರಲಿಲ್ಲ. ಒಂದೇ ದಿನ ಒಂದೇ ಪೆಟ್ಟಿಗೆಯಲ್ಲಿ ಹೊರಟ ಮೂರು ಡ್ರಮ್ಮುಗಳ ಅಂಕೆಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಿರಬಹುದು. ಅಂಕೆಗಳು ಹೊಂದುವುದಿಲ್ಲವೆಂದು ನೆವ ಹೇಳಿ ಬೆಲೆ ಇಳಿಸುವ ವ್ಯಾಪಾರಿಯನ್ನು ಕಂಡರೆ ಹುಷಾರಾಗಿರಬೇಕು.

ಬಲ್ಲವರು ಮೇಲ್ಗಡೆಯ ಹಾಳೆಯನ್ನು ಬಿಚ್ಚಿ ಡ್ರಮ್ಮಿನ ಒಳಗೆ ಇಣುಕುತ್ತಾರೆ. 1960ರ ಆಸುಪಾಸಿನಲ್ಲಿ ಲುಡ್ವಿಗ್ ಡ್ರಮ್ಮುಗಳ ಒಳಮೈಗೆ ಬಿಳಿಯ ಬಣ್ಣ ಬಳಿಯುತ್ತಿದ್ದರು. ಆಮೇಲೆ ಬೂದು ಬಣ್ಣದ ಮೇಲೆ ಚುಕ್ಕಿ ಎರಚಿದಂಥ ಲೇಪ ಬಂದಿತು. 1968ರ ಸುಮಾರಿಗೆ ಅದನ್ನೂ ಬಿಟ್ಟು ಮರದ ಸಹಜವರ್ಣ ಕಾಣುವಂತೆ ಮೆರುಗೆಣ್ಣೆ ಹಚ್ಚತೊಡಗಿದರು. ಆ ದಶಕದ ಅನೇಕ ಡ್ರಮ್ಮುಗಳೊಳಗೆ ಕೆಂಪು ಶಾಯಿಯಲ್ಲಿ ಒತ್ತಿದ ತಾರೀಖಿನ ಮೊಹರೂ ಇರುತ್ತದೆ. ನೀಲಿ ಬಣ್ಣದ ಬಿಲ್ಲೆ ಬಂದದ್ದು ದಶಕದ ಕೊನೆಗೆ. ಒಳಗೆ 1964ರ ಮೊಹರು, ಹೊರಗೆ ನೀಲಿ ಬಿಲ್ಲೆ ಇದ್ದರೆ ಎರಡರಲ್ಲಿ ಒಂದು ಬೇರೆ ಮನೆಯಿಂದ ಬಂದದ್ದೆಂದು ತಿಳಿಯಬೇಕು. ಬಿಲ್ಲೆಯನ್ನು ಹಿಡಿದಿರುವ ಲೋಹದ ಪುಟ್ಟ ಉಂಗುರದ ಅಂಚು ನಜ್ಜುಗುಜ್ಜಾಗಿದ್ದರಂತೂ ಸಂಶಯವೇ ಬೇಡ.

ಇದಕ್ಕಿಂತ ಸೊಗಸಾದ ಪರೀಕ್ಷೆ ಮತ್ತೊಂದಿದೆ. ಡ್ರಮ್ಮಿನ ಹೊರಮೈಗೆ ಮುತ್ತಿನ ಚಿಪ್ಪಿನಂತೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ ಅಂಟಿಸಿರುತ್ತಾರೆ. ಬಿಸಿಲಿಗೆ, ಕ್ಲಬ್ಬಿನ ಸಿಗರೇಟು ಹೊಗೆಗೆ, ವರ್ಷಗಳ ಹಾಯುವಿಕೆಗೆ ಅದು ಹಳದಿಗೆ ತಿರುಗುತ್ತದೆ. ನೀಲಿಯ ಹೊಳಪು ಹಸಿರಾಗುವುದೂ ಉಂಟು. ಆದರೆ ತಿರುಪು ಹಿಡಿಯುವ ಲೋಹದ ಗುಬುಟನ್ನು ಬಿಚ್ಚಿದರೆ, ಅದರಡಿಯಲ್ಲಿ ಬೆಳಕು ಕಾಣದ ಜಾಗದಲ್ಲಿ, ಮೊದಲ ದಿನದ ಬಣ್ಣ ಹಾಗೆಯೇ ಉಳಿದಿರುತ್ತದೆ. ಗೋಡೆಯ ಮೇಲಿನ ಹಳೆಯ ಪಟವನ್ನು ತೆಗೆದಾಗ ಕಾಣುವ ಚೌಕದಂತೆ! ಆ ನೆರಳಿನ ಆಕಾರ ಗುಬುಟಿನ ಆಕಾರಕ್ಕೆ ಸರಿಯಾಗಿ ಹೊಂದಿದರೆ ಗುಬುಟು ಅಸಲು. ಮೂರು ಡ್ರಮ್ಮುಗಳೂ ಒಂದೇ ಹದದಲ್ಲಿ ಮಾಸಿದ್ದರೆ ಅವು ಒಂದೇ ಮನೆಯಲ್ಲಿ ಕೂಡಿ ಬಾಳಿದವು ಎನ್ನಲು ಬಲವಾದ ಆಧಾರ ಸಿಕ್ಕಿತು. ಬಿಲ್ಲೆಯನ್ನು ನಕಲು ಮಾಡುವವರುಂಟು. ಅರುವತ್ತು ವರ್ಷದ ಕೊಳೆಯನ್ನು ಅದರದೇ ಜಾಗದಲ್ಲಿ ಕೂರಿಸುವುದು ಅಷ್ಟು ಸುಲಭವಲ್ಲ.

ಬಾರಿಸುವ ಹಾಳೆ ಹೊಸದಾಗಿದ್ದರೆ ಯಾರೂ ಮೂಗು ಮುರಿಯುವುದಿಲ್ಲ. ಮೃದಂಗದ ಮುಚ್ಚಿಗೆ ಬದಲಾಗಿದೆಯೆಂದು ಹಲಸಿನ ಒಡಲನ್ನು ನಾವು ತಿರಸ್ಕರಿಸುತ್ತೇವೆಯೇ? ಡ್ರಮ್ಮಿಗೂ ಹಿಂದೆ ಕರುವಿನ ತೊಗಲನ್ನೇ ಬಿಗಿಯುತ್ತಿದ್ದರು. ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆ ಪೇಟೆಗೆ ಬಂದದ್ದು 1957ರ ಸುಮಾರಿಗೆ. ಸವೆಯುವುದೇ ಅದರ ಧರ್ಮ.

ಸಂಗ್ರಾಹಕರು ಕ್ಷಮಿಸದಿರುವುದು ರಂಧ್ರವನ್ನು. ಕಾರ್ಖಾನೆಯಲ್ಲಿ ಕೊರೆಯದ ಒಂದು ತೂತು ಕಂಡರೂ ಬೆಲೆ ಥಟ್ಟನೆ ಇಳಿಯುತ್ತದೆ. ಹೊದಿಕೆಯನ್ನು ಕಿತ್ತು ಹೊಸದನ್ನು ಅಂಟಿಸಿದ್ದರೆ ಇನ್ನೂ ಇಳಿಯುತ್ತದೆ. ವ್ಯಾಪಾರದ ದೃಷ್ಟಿಯಿಂದ ಇದು ಸರಿಯಿರಬಹುದು. ನನಗೇನೋ ಇದರಲ್ಲಿ ಒಂದು ಅನ್ಯಾಯ ಕಾಣುತ್ತದೆ. ಆ ತೂತನ್ನು ಕೊರೆದವನು ಯಾರು? ವಾರಕ್ಕೆ ಐದು ರಾತ್ರಿ ಮದುವೆಮನೆಗಳಲ್ಲಿಯೂ ನೃತ್ಯಶಾಲೆಗಳಲ್ಲಿಯೂ ಬಾರಿಸಿ ಸಂಸಾರ ಸಾಕಿದವನು. ಕಂಪನಿಯ ಹಿಡಿಕೆ ಸಡಿಲವಾಗಿ ಸಣ್ಣ ಡ್ರಮ್ಮು ಜೋತುಬಿದ್ದಾಗ ಗಟ್ಟಿಯಾದ ಬೇರೆ ಹಿಡಿಕೆ ಹಾಕಿಕೊಂಡ, ಅಷ್ಟೆ. ಎರಡು ತಿಂಗಳು ಬಾರಿಸಿ ಬೇಸತ್ತು ಮಂಚದಡಿಗೆ ತಳ್ಳಿದ ಶ್ರೀಮಂತರ ಹುಡುಗನ ಡ್ರಮ್ಮು ಈಗ ಹೊಚ್ಚ ಹೊಸದರಂತಿದೆ. ಹೆಚ್ಚಿನ ಬೆಲೆ ಅದಕ್ಕೆ! ವಾದ್ಯವನ್ನು ನುಡಿಸಿದವನಿಗೆ ದಂಡ, ನುಡಿಸದವನಿಗೆ ಬಹುಮಾನ. ಸ್ವಾರಸ್ಯವೆಂದರೆ ರಿಂಗೋ ಸ್ಟಾರ್ ಕೂಡ ತಮ್ಮ ಲುಡ್ವಿಗ್ ಡ್ರಮ್ಮಿಗೆ ರೋಜರ್ಸ್ ಎಂಬ ಪ್ರತಿಸ್ಪರ್ಧಿ ಕಂಪನಿಯ ಹಿಡಿಕೆಯನ್ನೇ ಹಾಕಿಸಿಕೊಂಡಿದ್ದರು. ಹೆಸರಿಲ್ಲದವನಲ್ಲಿ ಊನವೆನಿಸಿದ್ದು ಹೆಸರುವಾಸಿಯಲ್ಲಿ ಆಭರಣವಾಯಿತು.

ಅಳತೆಯ ವಿಷಯವನ್ನೂ ಹೇಳಿಬಿಡಬೇಕು. ರಿಂಗೋ ಅವರ ಮೊದಲ ಲುಡ್ವಿಗ್ ಸೆಟ್ಟಿನ ದೊಡ್ಡ ಡ್ರಮ್ಮು 20 ಅಂಗುಲದ್ದು. ಆ ಮಾದರಿಯ ಹೆಸರು ಡೌನ್‌ಬೀಟ್. ಬಣ್ಣ ಕರಿ ಮುತ್ತಿನ ಚಿಪ್ಪಿನದು. ಅದೇ ಬಣ್ಣ, ಅದೇ ಅಳತೆ, ಅದೇ ಕಾಲದ ಸೆಟ್ಟು ಯಾರದಾಗಿದ್ದರೂ ಮಿಕ್ಕವಕ್ಕಿಂತ ಬೆಲೆಯುಳ್ಳದ್ದು. ಆದಕಾರಣ ಹೊದಿಕೆ ಬದಲಿಸಿ ಬೇರೆ ಬಣ್ಣದ ಡ್ರಮ್ಮನ್ನು ಈ ಬಣ್ಣಕ್ಕೆ ತರುವ ಆಸೆಯೂ ಇಲ್ಲಿಯೇ ಹೆಚ್ಚು. ಗುಬುಟಿನಡಿಯ ನೆರಳನ್ನು ನೋಡದೆ ಇಂಥದಕ್ಕೆ ಹಣ ಕೊಡಬಾರದು.

ನಮ್ಮ ಕುಟುಂಬಗಳಿಂದ ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ ನೆಲೆಸಿದ ಮಕ್ಕಳಿಗೆ ನೆರೆಯ ಮುದುಕಮ್ಮನೊಬ್ಬಳು ತನ್ನ ಯಜಮಾನನ ಡ್ರಮ್ಮುಗಳನ್ನು ತೋರಿಸಿ, ಇದನ್ನೇನು ಮಾಡಲಿ ಎಂದು ಕೇಳುವ ಪ್ರಸಂಗ ಬರಬಹುದು. ಆಗ ಮೊದಲು ಆಕೆಯ ಕೈಯಿಂದ ಒರಸುವ ಬಟ್ಟೆಯನ್ನೂ ಪಾಲಿಷಿನ ಡಬ್ಬಿಯನ್ನೂ ಇಸಿದುಕೊಳ್ಳಲಿ. ಒಳಮೈಯ ಬಣ್ಣ, ಮೊಹರು, ಬಿಲ್ಲೆ ಇವುಗಳ ಭಾವಚಿತ್ರ ತೆಗೆದು, ಒಬ್ಬರಿಗೆ ಬದಲು ಮೂವರು ಬಲ್ಲವರಿಗೆ ತೋರಿಸಲಿ. ಬದಲಾದ ಭಾಗಗಳಿದ್ದರೆ ಮುಚ್ಚಿಡದೆ ಬರೆದುಕೊಡಲಿ. ಪೆಟ್ಟಿಗೆಯ ತಳದಲ್ಲಿ ಹಳೆಯ ರಸೀದಿಯೋ, ಯಜಮಾನನು ಯಾವ ಕಾಲಕ್ಕೋ ಬಿಚ್ಚಿಟ್ಟ ಲುಡ್ವಿಗ್ಗಿನ ಮೂಲ ಹಿಡಿಕೆಯೋ ಬಿದ್ದಿರಬಹುದು. ಅದನ್ನು ತುಕ್ಕು ಹಿಡಿದಿದೆಯೆಂದು ಎಸೆಯದೆ ಡ್ರಮ್ಮಿನ ಜೊತೆಗೇ ಕಟ್ಟಿಡಲಿ.