ಬೆಟ್ಟದ ಮಣ್ಣು ಕೆರೆಯುವ ಮುನ್ನ

ನಿಪ್ಪಾಣಿ ತಂಬಾಕಿನ ಸೀಮೆ. ನಮ್ಮ ತೋಟಗಳಿಗೆ ಅದರಿಂದೇನು ಎಂದು ಸದಸ್ಯ ಬಾಂಧವರು ಕೇಳಬಹುದು. ಅಲ್ಲಿಯ ಎರೆಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪುಕಲ್ಲಿನಿಂದ ಆದದ್ದು. ಆದರೆ ಬರೀ ಬಿಸಿಲು ಮಳೆಗಳಿಂದ ಅಲ್ಲ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲಾಮ್ಲ ಅನಿಲ ನೀರಿನೊಡನೆ ಕೂಡಿ, ಹುಳಿಯಾಗಿ, ಕಲ್ಲನ್ನು ತಿಂದಿತು. ಹಾಗೆ ತಿನ್ನುವಾಗ ಗಾಳಿಯಲ್ಲಿದ್ದ ಇಂಗಾಲವೂ ನೀರಲ್ಲಿ ಕರಗಿ, ನದಿಗಳ ಮೂಲಕ ಕಡಲು ಸೇರಿ, ಭೂಮಿಯ ಬಿಸಿಯನ್ನೇ ತಗ್ಗಿಸಿತು!

ನಮ್ಮ ಮಲೆನಾಡಿನ ಕೆಮ್ಮಣ್ಣಿನ ಕಲ್ಲು ಬೇರೆ, ಆದರೆ ಕೆಲಸ ಇದೇ. ಹೀಗಿರುವಾಗ ಅಡಿಕೆ ಬುಡಕ್ಕೆಂದು ಸೊಪ್ಪಿನಬೆಟ್ಟದ ಮೇಲ್ಮಣ್ಣನ್ನು ಕೆರೆದು ತರುವುದು ನಮಗೆ ಸರಿಕಾಣದು. (ನಾವೂ ತಂದವರೇ.) ದರಗನ್ನು ಸುಡದೆ ಬುಡಕ್ಕೆ ಮುಚ್ಚೋಣ. ಮಣ್ಣೇ ಬೇಕೆಂದರೆ ಕೆರೆಯ ಹೂಳು ತರೋಣ. ಬೆಟ್ಟವನ್ನು ಅದರ ಪಾಡಿಗೆ ಬಿಡೋಣ.